1954ರ ಗಾಡ್ಜಿಲ್ಲಾ: ಭಯಕ್ಕೆ ತೂಕ ಬಂದ ಬಗೆ

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಸ್ಫೋಟದ ಬಲ 15 ಮೆಗಾಟನ್, ವಿಜ್ಞಾನಿಗಳ ಅಂದಾಜಿಗಿಂತ ಎರಡು ಪಟ್ಟಿಗೂ ಹೆಚ್ಚು. ಅಪಾಯದ ವಲಯದ ಆಚೆಗಿದ್ದ ಜಪಾನಿನ ಮೀನುಗಾರಿಕೆ ದೋಣಿಯ ಮೇಲೂ ಬಿಳಿ ಬೂದಿ ಸುರಿಯಿತು. 23 ಜನರಿಗೂ ವಿಕಿರಣ ತಗುಲಿತು. ರೇಡಿಯೊ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ನವೆಂಬರ್ 3ಕ್ಕೆ, ಅಣುಪರೀಕ್ಷೆಯಿಂದ ಎದ್ದ ದೈತ್ಯಪ್ರಾಣಿ ಟೋಕಿಯೊ ಧ್ವಂಸಮಾಡುವ ಜಪಾನಿ ಚಿತ್ರ ‘ಗಾಡ್ಜಿಲ್ಲಾ’ ತೆರೆಗೆ ಬಂತು. ಮೊದಲಿಗೇ ಸಮುದ್ರ ಫಳ್ಳನೆ ಬೆಳಗಿ ಹಡಗೊಂದು ಮುಳುಗುತ್ತದೆ. ಜಪಾನಿನ ಪ್ರೇಕ್ಷಕರಿಗೆ ಅದನ್ನು ಯಾರೂ ವಿವರಿಸಬೇಕಿರಲಿಲ್ಲ.

ಇಂಥ ಸಿನಿಮಾಗಳು ಸೋಲುವುದು ಹೆಚ್ಚಾಗಿ ಒಂದೇ ಕಡೆ: ದೈತ್ಯಪ್ರಾಣಿ ಹಗುರ ಅನಿಸಿಬಿಡುತ್ತದೆ. ಚಿತ್ರದ ವಿಶೇಷ ಪರಿಣಾಮಗಳ ನಿರ್ದೇಶಕ ಎಯಿಜಿ ತ್ಸುಬುರಾಯ ಸುಮಾರು 1/25 ಅಳತೆಯ ಟೋಕಿಯೊ ಕಟ್ಟಿಸಿದರು. ಆ ಅಳತೆಯ ಗೋಡೆ ಬೀಳಲು ತೆಗೆದುಕೊಳ್ಳುವುದು ನಿಜವಾದ ಗೋಡೆಯ ಐದನೇ ಒಂದು ಭಾಗದಷ್ಟು ಸಮಯ. ಏಕೆಂದರೆ ಬೀಳುವ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ; 25ರ ವರ್ಗಮೂಲ 5. ಹಾಗಾಗಿ ಭೌತಶಾಸ್ತ್ರದ ಲೆಕ್ಕದಂತೆ ಸೆಕೆಂಡಿಗೆ 120 ಫ್ರೇಮ್ ಚಿತ್ರಿಸಿ, 24ರಲ್ಲಿ ತೋರಿಸಬೇಕು; ಆಗ ಗೋಡೆ ಐದು ಪಟ್ಟು ನಿಧಾನವಾಗಿ ಬಿದ್ದಂತೆ ಕಾಣುತ್ತದೆ. ಕ್ಯಾಮೆರಾ ವೇಗ ಕಡಿಮೆಯಾದರೆ ಗೋಡೆ ರಟ್ಟಿನ ಡಬ್ಬಿಯಂತೆ ಉದುರುತ್ತದೆ, ಭಯ ಅಲ್ಲಿಗೇ ಮುಗಿಯಿತು. ವೇಗ ಹೆಚ್ಚಾದಷ್ಟೂ ಬೆಳಕು ಹೆಚ್ಚು ಬೇಕು. ದೀಪಗಳ ಕಾವಿನಲ್ಲಿ ವೇಷದೊಳಗಿನ ನಟ ಹರುವೊ ನಕಜಿಮ ಬೆಂದುಹೋಗುತ್ತಿದ್ದರು. ಸುಮಾರು 100 ಕಿಲೊ ತೂಕದ ಮೊದಲ ವೇಷ ತೊಟ್ಟು ನಡೆಯಲಿಕ್ಕೇ ಆಗದೆ, ಅದನ್ನು ಕತ್ತರಿಸಿ ಕಾಲುಗಳ ದೃಶ್ಯಗಳಿಗೆ ಬಳಸಿಕೊಂಡರು.

ಗರ್ಜನೆ ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರ ಇಫುಕುಬೆ ಡಬಲ್ ಬಾಸ್‌ನ ಸಡಿಲ ತಂತಿಯನ್ನು ರಾಳ ಸವರಿದ ತೊಗಲಿನ ಕೈಗವಸಿನಿಂದ ಉಜ್ಜಿಸಿ, ಮುದ್ರಿಸಿಕೊಂಡ ಸದ್ದನ್ನು ನಿಧಾನಗೊಳಿಸಿದರು. ಕೋಪಕ್ಕಿಂತ ನೋವೇ ಹೆಚ್ಚಾಗಿ ಕೇಳಿಸುವ ಆ ಸದ್ದು ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ.

ಆದರೂ ಎದೆ ಹಿಂಡುವುದು ದಾಳಿ ಮುಗಿದ ಮೇಲಿನ ಆಸ್ಪತ್ರೆ. ಪುಟ್ಟ ಮಗುವಿನ ಎದುರು ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದವನು ಮಾತಿಲ್ಲದೆ ಅಡ್ಡಡ್ಡ ತಲೆಯಾಡಿಸುತ್ತಾನೆ. ಹಿರೋಶಿಮಾ, ನಾಗಸಾಕಿಗಳಿಗೆ ಆಗಿನ್ನೂ ಒಂಬತ್ತೇ ವರ್ಷ.

ಅದೇ ವರ್ಷ ಅಮೆರಿಕದಲ್ಲಿ ಬಂದ ‘ದೆಮ್!’ ಚಿತ್ರದಲ್ಲೂ ಅಣುಪರೀಕ್ಷೆಯ ವಿಕಿರಣದಿಂದ ದೈತ್ಯ ಇರುವೆಗಳು ಹುಟ್ಟುತ್ತವೆ. ಸೈನ್ಯ ಬೆಂಕಿ ಉಗುಳಿ ಅವನ್ನು ಸುಡುತ್ತದೆ; ಗೆಲುವು ಆಯುಧದ್ದೇ. ಜಪಾನಿನ ಚಿತ್ರದಲ್ಲಿ ಸೆರಿಜಾವ ಎಂಬ ವಿಜ್ಞಾನಿ ತನ್ನ ಆಯುಧ ಇನ್ನೊಬ್ಬರ ಕೈಸೇರಬಾರದೆಂದು ಟಿಪ್ಪಣಿಗಳನ್ನು ಸುಟ್ಟು, ಮೃಗದ ಜತೆ ತಾನೂ ಸಮುದ್ರದಲ್ಲೇ ಸಾಯುತ್ತಾನೆ. ಬಾಂಬ್ ಹಾಕಿದವರಿಗೂ ಹಾಕಿಸಿಕೊಂಡವರಿಗೂ ಇರುವ ಅಂತರ ಇದು.

ನೋಡುವುದಾದರೆ 96 ನಿಮಿಷಗಳ ಜಪಾನಿ ಆವೃತ್ತಿಯನ್ನೇ ಹುಡುಕಿ. 1956ರ ಅಮೆರಿಕನ್ ಆವೃತ್ತಿ ರೇಮಂಡ್ ಬರ್‌ ಅವರನ್ನು ಪತ್ರಕರ್ತನಾಗಿ ತುರುಕಿ, ಹೈಡ್ರೋಜನ್ ಬಾಂಬಿನ ಮಾತುಗಳಲ್ಲಿ ಬಹುಪಾಲನ್ನು ಕತ್ತರಿಸಿದೆ.