ಮೇಲೆ ಬರೆದದ್ದು, ಒಳಗೆ ಹಾಕಿದ್ದು

ಕಳೆದ ಶನಿವಾರ ಸಂಜೆ ನಮ್ಮ ಗ್ಯಾರೇಜಿನಿಂದ ಬಂದ ಸದ್ದಿಗೆ ಪಕ್ಕದ ಮನೆಯ ನಾಯಿ ಸೋಫಾ ಕೆಳಗೆ ಸೇರಿಕೊಂಡಿತಂತೆ. ಢಮ್ ಅಂತ ಒಂದು ಸಲ, ಆಮೇಲೆ ಇನ್ನೆರಡು ಸಲ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಾಯಿಂದ ಗೇಣುದ್ದ ಬೆಂಕಿ. ಒಂದೂವರೆ ವರ್ಷ ಕೂತು ಕಟ್ಟಿದ ಎಂಜಿನ್ನನ್ನು ಹತ್ತು ಸೆಕೆಂಡಿನಲ್ಲಿ ಆಫ್ ಮಾಡಿದೆ. ಹೆಂಡತಿ ಒಳಗಿನಿಂದ ಬಾಗಿಲು ತೆಗೆದು, ನನ್ನ ಹುಬ್ಬು ಇದೆಯಾ ಅಂತ ನೋಡಿ, ಏನೂ ಹೇಳದೆ ಬಾಗಿಲು ಹಾಕಿಕೊಂಡಳು.

ಕಾರು 1966ರ ಫೋರ್ಡ್ ಮಸ್ಟ್ಯಾಂಗ್. ಬಾಗಿಲಿನ ತಗಡಿನ ಮೇಲೆ ಅದರ ನಂಬರ್ 6ಎಫ್07ಸಿ ಅಂತ ಶುರುವಾಗುತ್ತದೆ. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಫ್ಯಾಕ್ಟರಿ. 07 ಅಂದರೆ ಗಟ್ಟಿ ಟಾಪಿನ ಎರಡು ಬಾಗಿಲಿನ ಗಾಡಿ. ಸಿ ಅಂದರೆ 289 ಎಂಜಿನ್, ಎರಡು ಬಾಯಿಯ ಕಾರ್ಬೊರೇಟರ್, 200 ಕುದುರೆ ಶಕ್ತಿ. 289 ಅಂದರೆ ಅಷ್ಟು ಘನ ಇಂಚು, ನಮ್ಮ ಲೆಕ್ಕದಲ್ಲಿ 4.7 ಲೀಟರ್. ನಾನಿರುವುದು ಮಿಶಿಗನ್ನಿನ ಕ್ಯಾಂಟನ್‌ನಲ್ಲಿ. ಡಿಯರ್‌ಬಾರ್ನ್ ಇಲ್ಲಿಂದ ಅರ್ಧ ಗಂಟೆ. ಹಾಗಾಗಿ ಈ ಗಾಡಿ ತವರೂರಿನ ಪಕ್ಕದಲ್ಲೇ ಸಂಸಾರ ಮಾಡಿದ ಹೆಣ್ಣುಮಗಳ ಹಾಗೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಅಡಿಭಾಗ ಜರಡಿಯಾಗಿತ್ತು. ಆ ತಗಡಿನ ಕೆಲಸದ ಕಥೆ ಇನ್ನೊಂದು ದಿನ ಬರೆಯುತ್ತೇನೆ, ಅದನ್ನು ನೆನೆಸಿಕೊಂಡರೆ ಈಗಲೂ ಬೆನ್ನು ನೋಯುತ್ತದೆ.

ಎಂಜಿನ್ ಇಳಿಸಿ ಬಿಚ್ಚಿದಾಗ ಮೊದಲು ತಲೆ ತಿಂದದ್ದು ಮುಂದಿನ ಟೈಮಿಂಗ್ ಕವರ್. ವಾಟರ್ ಪಂಪಿನ ಉದ್ದ ಬೋಲ್ಟುಗಳು ಆ ಅಲ್ಯೂಮಿನಿಯಂ ಕವರ್ ದಾಟಿ ಬ್ಲಾಕಿಗೆ ಹೋಗುತ್ತವೆ. ಐವತ್ತು ವರ್ಷ ನೀರು ಜಿನುಗಿದರೆ ಬೋಲ್ಟು, ಕವರು ಎರಡೂ ಒಂದೇ ಜೀವ. ಎರಡು ಬೋಲ್ಟು ತುಂಡಾದವು. ಕಾಯಿಸಿದೆ, ಎಣ್ಣೆ ಬಿಟ್ಟೆ, ಮತ್ತೆ ಕಾಯಿಸಿದೆ. ಹಾಗೇ ಒಂದು ವಾರ ಹೋಯಿತು.

ಆಯಿಲ್ ಚೇಂಬರ್ ಇಳಿಸಿದರೆ ತಳದಲ್ಲಿ ಕಂದು ಬಣ್ಣದ ಚೂರುಗಳು, ಹುರಿದ ಅಕ್ಕಿ ನುಚ್ಚಿನ ಹಾಗೆ. ಅದು ಕ್ಯಾಮ್, ಅಂದರೆ ವಾಲ್ವುಗಳನ್ನು ಸರದಿಯಲ್ಲಿ ತೆರೆಯುವ ದಂಡ, ಅದರ ಗೇರಿನ ಹಲ್ಲು. ಆಗಿನ ಕಾಲದಲ್ಲಿ ಸದ್ದು ಕಡಿಮೆ ಆಗಲಿ ಅಂತ ಅಲ್ಯೂಮಿನಿಯಂ ಗೇರಿಗೆ ನೈಲಾನ್ ಹಲ್ಲು ಕೂರಿಸುತ್ತಿದ್ದರು. ಬಿಸಿಗೆ ಅದು ವಯಸ್ಸಾಗಿ ಒಡೆಯುತ್ತದೆ. ಚೂರುಗಳು ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿ ಕಟ್ಟಿಸುತ್ತವೆ. ಜಾಲರಿ ಕಟ್ಟಿದರೆ ಬೇರಿಂಗ್ ಹೋಯಿತು, ಬೇರಿಂಗ್ ಹೋದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಕ್ರ್ಯಾಂಕ್, ಹೋಯಿತು. ಸದ್ದಿಲ್ಲದ ಗಾಡಿ ಬೇಕು ಅಂತ ಮಾಡಿದ ಬುದ್ಧಿವಂತಿಕೆ ಇದು. ನನ್ನ ಪುಣ್ಯ, ಜಾಲರಿ ಅರ್ಧ ಮಾತ್ರ ಕಟ್ಟಿತ್ತು.

ಬ್ಲಾಕು ಬೋರಿಗೆ ಬಂದಿತ್ತು, ಸಿಲಿಂಡರುಗಳ ಒಳಗೋಡೆ ಸವೆದಿತ್ತು. ಹತ್ತಿರದ ಮೆಷಿನ್ ಶಾಪಿನಲ್ಲಿ ಥರ್ಟಿ ಸೈಜಿಗೆ ಬೋರ್ ಮಾಡಿಸಿದೆ. ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 30 ಪಾಲು ಜಾಸ್ತಿ, ಸುಮಾರು ಮುಕ್ಕಾಲು ಮಿಲಿಮೀಟರ್. ಹೊಸ ಪಿಸ್ಟನ್, ರಿಂಗು, ಬೇರಿಂಗು, ಉಕ್ಕಿನ ಹಲ್ಲಿರುವ ಟೈಮಿಂಗ್ ಸೆಟ್. ಹಳೇ ಕ್ಯಾಮಿನಲ್ಲಿ ವಾಲ್ವ್ ಎತ್ತುವ ಎರಡು ಮೂಗು ಸವೆದು ದುಂಡಗಾಗಿದ್ದವು. ಅದಕ್ಕೆ ಕ್ಯಾಮೂ ಹೊಸದು ತರಿಸಿದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಜೋಡಿಸುವ ಕೆಲಸ ನನಗೆ ತುಂಬಾ ಇಷ್ಟ. ಆಫೀಸಿನಲ್ಲಿ ಎಂಟು ಗಂಟೆ ಸ್ಕ್ರೀನ್ ನೋಡಿ ಬಂದವನಿಗೆ ಕೈಗೆ ಸಿಗುವ ಕೆಲಸ ಅದು. ಬೇರಿಂಗಿನ ಸಂದಿಯಲ್ಲಿ ಮೇಣದ ಎಳೆ ಇಟ್ಟು, ಬಿಗಿದು, ಮತ್ತೆ ಬಿಚ್ಚಿ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅಂತ ಕಾಗದದ ಪಟ್ಟಿಯಲ್ಲಿ ನೋಡುವುದು. ಕನೆಕ್ಟಿಂಗ್ ರಾಡಿನ ನಟ್ಟುಗಳಿಗೆ ಟಾರ್ಕ್ 19ರಿಂದ 24 ಅಡಿ-ಪೌಂಡ್, ಅಷ್ಟೇ. ಇಷ್ಟು ದೊಡ್ಡ ಎಂಜಿನ್ನಿಗೆ ಇಷ್ಟು ಕಡಿಮೆಯಾ ಅಂತ ಅನ್ನಿಸುತ್ತದೆ. ಇನ್ನೊಂದು ಸುತ್ತು ಎಳೆಯೋಣ ಅಂತ ಕೈ ತುರಿಸುತ್ತದೆ. ಎಳೆಯಬಾರದು.

ಸ್ಟಾರ್ಟ್ ಮಾಡುವ ಮುಂಚೆ ಡೆಲ್ಕೊ ತೆಗೆದು, ಕಾಲು ಇಂಚಿನ ಆರು ಮೂಲೆ ಸಾಕೆಟ್ಟನ್ನು ಡ್ರಿಲ್ಲಿಗೆ ಸಿಕ್ಕಿಸಿ, ಆಯಿಲ್ ಪಂಪನ್ನು ತಿರುಗಿಸಬೇಕು. ಫೋರ್ಡಿನಲ್ಲಿ ಡ್ರಿಲ್ಲನ್ನು ಉಲ್ಟಾ ತಿರುಗಿಸಬೇಕು ಅನ್ನುವುದು ನೆನಪಿರಲಿ. ಮೇಲೆ ವಾಲ್ವ್ ಒತ್ತುವ ರಾಕರುಗಳ ಹತ್ತಿರ ಆಯಿಲ್ ಬುಳುಬುಳು ಬಂದರೆ ಸರಿ.

ಡೆಲ್ಕೊ ಅಂದೆ ಅಲ್ವಾ. ಪ್ಲಗ್ಗುಗಳಿಗೆ ಕಿಡಿಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ನನ್ನ ಸೋದರಮಾವನ ಗ್ಯಾರೇಜಿನಲ್ಲಿ ಅದೇ ಹೆಸರು. ಮಾವ ಸಕಲೇಶಪುರದಲ್ಲಿ ಎಸ್ಟೇಟ್ ಜೀಪುಗಳ ರಿಪೇರಿ ಮಾಡುತ್ತಿದ್ದರು. ಬೇಸಿಗೆ ರಜೆಯೆಲ್ಲ ನಾನು ಅಲ್ಲಿ ಸೀಮೆಎಣ್ಣೆ ಡಬ್ಬಿಯಲ್ಲಿ ನಟ್ಟು ತೊಳೆದವನು. ಡೆಲ್ಕೊ ಅನ್ನುವುದು ಜನರಲ್ ಮೋಟರ್ಸ್‌ನವರ ಬಿಡಿಭಾಗದ ಬ್ರ್ಯಾಂಡು ಅಂತ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಪಕ್ಕದ ಮನೆಯ ಅಜ್ಜ ಫೋರ್ಡಿನಲ್ಲೇ ದುಡಿದು ರಿಟೈರ್ ಆದವರು. ನಾನು ಅವರ ಮುಂದೆ ಫೋರ್ಡಿನ ಡಿಸ್ಟ್ರಿಬ್ಯೂಟರನ್ನು ಡೆಲ್ಕೊ ಅಂದಾಗ, ದೇವಸ್ಥಾನದಲ್ಲಿ ಚಪ್ಪಲಿ ಹಾಕಿಕೊಂಡವನನ್ನು ನೋಡುವ ಹಾಗೆ ನೋಡಿದ್ದರು.

ಈಗ ಶನಿವಾರಕ್ಕೆ ಬರುತ್ತೇನೆ. ಇಂಥ ಹಳೇ ಮಾದರಿ ಕ್ಯಾಮ್ ಹೊಸದಾಗಿ ಹಾಕಿದಾಗ ಎಂಜಿನ್ ಹತ್ತಿಕೊಂಡ ಕೂಡಲೇ 2,000 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಓಡಿಸಬೇಕು. ಐಡಲ್ ಬಿಡಬಾರದು. ಕ್ಯಾಮೂ ಅದರ ಮೇಲೆ ಕೂರುವ ಲಿಫ್ಟರೂ ಒಂದಕ್ಕೊಂದು ಹೊಂದಿಕೊಳ್ಳುವುದು ಆ ಇಪ್ಪತ್ತು ನಿಮಿಷದಲ್ಲೇ. ಅದಕ್ಕೆ ಅಂತಲೇ ಜಿಂಕ್ ಜಾಸ್ತಿ ಇರುವ ಆಯಿಲ್ ಹಾಕಿದ್ದೆ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಹಚ್ಚಿದ ಗ್ರೀಸೆಲ್ಲ ಒರೆಸಿಹೋಗಿ ಕ್ಯಾಮ್ ಹಾಳು. ನನ್ನದು ಹತ್ತಿಕೊಂಡಿತು, ಆದರೆ ಕುಂಟುತ್ತಾ, ಕೆಮ್ಮುತ್ತಾ, ಬೆಂಕಿ ಉಗುಳುತ್ತಾ. ಮತ್ತೆ ಸ್ಟಾರ್ಟ್ ಮಾಡಲು ಕೈ ಬರಲಿಲ್ಲ.

ಮೊದಲು ಕಾರ್ಬೊರೇಟರ್ ಮೇಲೆ ಅನುಮಾನ ಬಂತು. ಆಮೇಲೆ ಟೈಮಿಂಗ್ ಮೇಲೆ. ಪ್ಲಗ್ ವೈರುಗಳನ್ನು ಮೂರು ಸಲ ನೋಡಿದೆ. 1-5-4-2-6-3-7-8, ಅಂದರೆ ಎಂಟು ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, ಫೈರಿಂಗ್ ಆರ್ಡರ್. ಪುಸ್ತಕದಲ್ಲೂ ಅದೇ ಇದೆ. ಪುಸ್ತಕ ಯಾಕೆ, ಈ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನ ಮೇಲೇ ಫೈರಿಂಗ್ ಆರ್ಡರ್ ಎರಕದಲ್ಲಿ ಉಬ್ಬಿ ಬಂದಿದೆ. ಬೀಡುಕಬ್ಬಿಣದಲ್ಲಿ ಬರೆದದ್ದು ಸುಳ್ಳಾಗುತ್ತದಾ?

ಫೋನಿನಲ್ಲಿ ಹಿಡಿದಿದ್ದ ವಿಡಿಯೊ ಮಾವನಿಗೆ ಕಳಿಸಿದೆ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಅಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ.

"ಏನೋ ಮಾರಾಯ ಇದು, ದೀಪಾವಳಿಯಾ?"

"ಕಾರ್ಬೊರೇಟರ್ ಇರಬಹುದಾ ಮಾವ?"

"ಅದನ್ನ ಮುಟ್ಟಬೇಡ. ನಾಲ್ಕು ಸರಿಯಾಗಿ ಹೊಡೀತಾ ಇವೆ, ನಾಲ್ಕು ವಾಪಸ್ ಉಗುಳ್ತಾ ಇವೆ. ಡೆಲ್ಕೊ ವೈರು ನೋಡು."

"ಮೂರು ಸಲ ನೋಡಿದೆ. ಎಂಜಿನ್ ಮೇಲೇ ಬರೆದಿದೆ ಮಾವ."

"ಮೇಲೆ ಬರೆದದ್ದು ಇರಲಿ ಕಣೋ. ಒಳಗೆ ಏನು ಹಾಕಿದ್ದೀಯ?"

ನನಗೆ ಮೈ ತಣ್ಣಗಾಯಿತು. ಕ್ಯಾಮಿನ ಡಬ್ಬಿ ಇನ್ನೂ ರದ್ದಿ ರಾಶಿಯಲ್ಲಿತ್ತು. ಒಳಗೆ ಅದರ ಕಾರ್ಡ್. ನಾನು ಓದಿದ್ದು ವಾಲ್ವ್ ಎಷ್ಟು ಏಳುತ್ತದೆ, ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದನ್ನು ಮಾತ್ರ. ಕೆಳಗೆ ಸಣ್ಣಕ್ಷರದಲ್ಲಿ ಇತ್ತು: 1-3-7-2-6-5-4-8.

ವಾಲ್ವ್ ತೆರೆಯುವ ಸರದಿ ತೀರ್ಮಾನಿಸುವುದು ಕ್ಯಾಮ್, ಕಿಡಿಯೂ ಅದನ್ನೇ ಹಿಂಬಾಲಿಸಬೇಕು. ಅದು 1969ರಲ್ಲಿ ಬಂದ ಫೋರ್ಡಿನದೇ 351 ವಿಂಡ್ಸರ್ ಎಂಜಿನ್ನಿನ ಆರ್ಡರ್. ಎಂಬತ್ತರ ದಶಕದ 5.0 ಮಸ್ಟ್ಯಾಂಗಿಗೂ ಅದೇ ಬಂತು. ಆ ಆರ್ಡರಿನ ಕ್ಯಾಮ್ 289ರ ಒಳಗೂ ನೆಟ್ಟಗೆ ಕೂರುತ್ತದೆ, ತಕರಾರೇ ಮಾಡುವುದಿಲ್ಲ. ಎರಡು ಸಾಲನ್ನೂ ಒಂದರ ಕೆಳಗೊಂದು ಬರೆದು ನೋಡಿ. 1, 2, 6, 8 ಅದದೇ ಜಾಗದಲ್ಲಿವೆ. 3 ಇದ್ದಲ್ಲಿ 5, 4 ಇದ್ದಲ್ಲಿ 7. ಅಂದರೆ ನಾಲ್ಕು ಸಿಲಿಂಡರಿಗೆ ಕಿಡಿ ಸರಿಯಾಗಿ ಬೀಳುತ್ತದೆ. ಉಳಿದ ನಾಲ್ಕಕ್ಕೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ಆಚೀಚೆ, ಇಂಟೇಕ್ ವಾಲ್ವ್ ಆಗತಾನೇ ಬಾಯಿ ತೆರೆಯುವ ಹೊತ್ತಿಗೆ. ಬೆಂಕಿ ಕಾರ್ಬೊರೇಟರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಮಾವ ಜೀವನದಲ್ಲಿ ಇಂಥ ಎಂಟು ಸಿಲಿಂಡರಿನ ವಿ8 ಮುಟ್ಟಿದವರಲ್ಲ. ಅವರು ಕಂಡದ್ದೆಲ್ಲ ಜೀಪಿನ 1-3-4-2. "ಜೀಪೂ ಅಮೆರಿಕದ್ದೇ ಅಲ್ವೇನೋ, ವಿಲ್ಲಿಸ್ ಎಂಜಿನ್ನು" ಅಂದರು, ಅದೇ ದೊಡ್ಡ ವಿಷಯವಲ್ಲ ಅನ್ನುವ ಹಾಗೆ.

ನಾಲ್ಕು ವೈರು ಅದಲು ಬದಲು ಮಾಡಲು ಎರಡು ನಿಮಿಷ ಸಾಕಾಯಿತು. ಆದರೆ ರಾತ್ರಿ ಸ್ಟಾರ್ಟ್ ಮಾಡಲಿಲ್ಲ, ಆ ನಾಯಿಯ ಮೇಲೆ ಕರುಣೆಯಿಂದ. ಭಾನುವಾರ ಹತ್ತು ಗಂಟೆಗೆ ಅಜ್ಜನೂ ಕಾಫಿ ಲೋಟ ಹಿಡಿದು ಬಂದು ನಿಂತರು. ಕೀ ತಿರುಗಿಸಿದೆ. ಒಂದೇ ಏಟಿಗೆ ಹತ್ತಿಕೊಂಡಿತು. 2,000ಕ್ಕೆ ಏರಿಸಿ ಗಡಿಯಾರ ನೋಡಿಕೊಂಡು ಕೂತೆ. ಮ್ಯಾನಿಫೋಲ್ಡಿನ ಹೊಸ ಪೇಂಟು ಹೊಗೆಯಾಡಿತು. ಒಂದು ಹೋಸು ಜಿನುಗಿತು, ಅಜ್ಜ ಕ್ಲಿಪ್ಪು ಬಿಗಿದರು. ಟೆಂಪರೇಚರ್ ಮುಳ್ಳು ಅರ್ಧದಲ್ಲಿ ನಿಂತಿತು. ಇಪ್ಪತ್ತು ನಿಮಿಷ ಇಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಇಂಟೇಕಿನ ಎರಕದ ಅಂಕಿಗಳ ಪಕ್ಕದಲ್ಲೇ ಬಿಳಿ ಪೇಂಟಿನಲ್ಲಿ ಹೊಸ ಆರ್ಡರ್ ಬರೆದಿದ್ದೇನೆ, ಮುಂದೆ ಬಿಚ್ಚುವವನಿಗೆ. ಅದು ನಾನೇ ಆಗಿರುವ ಸಾಧ್ಯತೆ ಜಾಸ್ತಿ.

ಹೊಸ ವಿಡಿಯೊ ಮಾವನಿಗೆ ಕಳಿಸಿದೆ. ಪೂರ್ತಿ ಕೇಳಿ ಫೋನ್ ಮಾಡಿದರು. ಹೊಗಳುತ್ತಾರೆ ಅಂದುಕೊಂಡಿದ್ದೆ.

"ಒಂದು ಟ್ಯಾಪೆಟ್ ಸಡಿಲ ಇದೆ, ನೋಡು."

ಇವತ್ತು ಆಫೀಸ್ ಮುಗಿಸಿ ವಾಲ್ವ್ ಕವರ್ ಬಿಚ್ಚಿದೆ. ಆರನೇ ಸಿಲಿಂಡರಿನದು.