ಒಂದು ಹೊತ್ತಿನ ಊಟದ ಲೆಕ್ಕ

ಬೆಳಿಗ್ಗೆಯಿಂದ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ದೇ ಯೋಚನೆ. ಸೋತರು ಅಂತ ಅಲ್ಲ. ಆಟ ಅಂದ ಮೇಲೆ ಸೋಲು ಇದ್ದದ್ದೇ. ಹೊಟ್ಟೆ ಉರಿಯುವುದು ಕ್ಲಬ್ ನಡೆಸುವ ರೀತಿ ನೋಡಿ.

2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡಿತು. ಆ ಸಾಲದ ದೊಡ್ಡ ಭಾಗ ಬಿದ್ದಿದ್ದು ಕ್ಲಬ್ಬಿನ ತಲೆ ಮೇಲೆಯೇ. ನಮ್ಮ ಮನೆ ಕೊಂಡವರು, ಕೊಂಡ ಸಾಲವನ್ನು ನಮ್ಮ ಕೈಯಿಂದಲೇ ತೀರಿಸಿಕೊಂಡ ಹಾಗೆ!

2024ರಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಬಂದರು. ಕಾಲು ಭಾಗಕ್ಕಿಂತ ಜಾಸ್ತಿ ಪಾಲು ಕೊಂಡರು. ಆಮೇಲೆ ಶುರುವಾಯಿತು ಖರ್ಚು ಕಡಿತ. ಮೊದಲ ಸುತ್ತಿನಲ್ಲೇ ಸುಮಾರು 250 ಜನರ ಕೆಲಸ ಹೋಯಿತು. ಮುಂದೆ ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಸಿಬ್ಬಂದಿಯ ಕ್ಯಾಂಟೀನ್ ಮುಚ್ಚಿದರು. ಊಟದ ಬದಲು ಹಣ್ಣು! 1878ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ಕ್ಲಬ್ ಇದು. ಅಲ್ಲಿ ದುಡಿಯುವವರ ತಟ್ಟೆಗೇ ಕೈ ಹಾಕಿದರಲ್ಲ ಅಂತ ಸಂಕಟ.

ನಷ್ಟ ಇತ್ತು, ನಿಜ. ಆದರೆ ಅದೇ 2024-25ರ ಸೀಸನ್‌ನಲ್ಲಿ ಏನಾಯಿತು ನೋಡಿ. ಕೋಚ್ ಟೆನ್ ಹಾಗ್ ಅವರ ಕರಾರನ್ನು ಜುಲೈನಲ್ಲಿ ಮುಂದುವರಿಸಿ, ಅಕ್ಟೋಬರ್‌ನಲ್ಲಿ ಮನೆಗೆ ಕಳಿಸಿದರು. ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಇದ್ದದ್ದು ಐದೇ ತಿಂಗಳು. ಇವರಿಬ್ಬರನ್ನು ಕಳಿಸಿದ್ದಕ್ಕೆ ಖರ್ಚಾದದ್ದು ಸುಮಾರು 1.45 ಕೋಟಿ ಪೌಂಡ್. ಅಷ್ಟು ದುಡ್ಡಲ್ಲಿ ಎಷ್ಟು ವರ್ಷ ಊಟ ಹಾಕಬಹುದಿತ್ತು, ಅಲ್ವಾ?

ಸೀಸನ್ ಮಧ್ಯದಲ್ಲಿ ಉಳಿದ ಟಿಕೆಟ್‌ಗಳ ದರ 66 ಪೌಂಡ್ ಮಾಡಿದರು. ಮಕ್ಕಳಿಗೂ ಅಷ್ಟೇ, ವಯಸ್ಸಾದವರಿಗೂ ಅಷ್ಟೇ. ಎಂಟು ವರ್ಷದ ಮಗುವಿನ ಕೈ ಹಿಡಿದು ಮೊದಲ ಸಲ ಮ್ಯಾಚಿಗೆ ಹೊರಟ ಅಪ್ಪನೊಬ್ಬ ಆ ದರ ನೋಡಿ ಏನು ಮಾಡಿರಬಹುದು ಅಂತ ಯೋಚಿಸುತ್ತಾ ಕೂತಿದ್ದೇನೆ.