ಮುಚ್ಚಳದ ಒಳಗಿನ ಸರ್ಕ್ಯೂಟ್

ಎಲ್‌ಎಂ35 ಎಂಬ, ಬಿಸಿ ಅಳೆಯುವ ಪುಟ್ಟ ಸೆನ್ಸರನ್ನು ಹಿಂದುಮುಂದಾಗಿ ಜೋಡಿಸಿದರೆ ಬೆರಳು ಸುಡುತ್ತದೆ. ಪುಸ್ತಕ ಓದಿ ತಿಳಿದದ್ದಲ್ಲ ಇದು. 2013ರ ಒಂದು ಶನಿವಾರ ನಮ್ಮ ಕಾಲೇಜಿನ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ವಿಭಾಗದ ಮಹಡಿ ಮೇಲಿನ ಲ್ಯಾಬಿನಲ್ಲಿ ನನ್ನ ಬೆರಳೇ ಕಲಿತ ಪಾಠ. ನೋಡಲು ಅದು ಟ್ರಾನ್ಸಿಸ್ಟರಿನ ಹಾಗೇ ಇರುತ್ತದೆ. ಮೂರು ಕಾಲು, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡಗೆ. ನಾನು ದುಂಡನೆಯ ಕಡೆಯನ್ನು ಮುಂದೆ ಮಾಡಿ, ಬೆಸುಗೆ ಇಲ್ಲದೆ ತೂತುಗಳಲ್ಲಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡಿಗೆ ಚುಚ್ಚಿದ್ದೆ. ಸೀನಿಯರ್ ಅಕ್ಕ ಓಡಿಬಂದು ಯುಎಸ್‌ಬಿ ಕೇಬಲ್ ಕಿತ್ತರು. ಬೈಯಲಿಲ್ಲ. "ಚಪ್ಪಟೆ ಮುಖ ನಿನ್ ಕಡೆ ಇರ್ಬೇಕು. ಎಡಗಡೆ ಐದು ವೋಲ್ಟ್, ಮಧ್ಯ ಔಟ್‌ಪುಟ್, ಬಲಗಡೆ ಗ್ರೌಂಡ್. ಇನ್ನೊಂದು ತಗೋ" ಎಂದು ಹೊಸ ಸೆನ್ಸರನ್ನು ಕೈಗಿಟ್ಟರು.

"ಇನ್ನೊಂದು ತಗೋ" ಎಂಬ ಮಾತನ್ನು ಅದಕ್ಕೂ ಮುಂಚೆ ಯಾವ ಲ್ಯಾಬಿನಲ್ಲೂ ಕೇಳಿರಲಿಲ್ಲ. ಮಾಮೂಲಿ ಲ್ಯಾಬಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ಐಸಿ ತಗೋಬೇಕು, ಸುಟ್ಟರೆ ದುಡ್ಡು ಕಟ್ಟಬೇಕು. ಹಾಗಾಗಿ ನಾಲ್ಕು ಜನರ ಬ್ಯಾಚಿನಲ್ಲಿ ಒಬ್ಬನೇ ವೈರ್ ಮುಟ್ಟುತ್ತಿದ್ದ, ಉಳಿದ ಮೂವರು ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ನಾನು ಬರೆದುಕೊಳ್ಳುವವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಮುಂದೆ ಹೋಗಿ ಮುಟ್ಟುವ ಧೈರ್ಯವೇ ಇರಲಿಲ್ಲ. ಕಾಲೇಜು ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡು ಎಂದು ಮೇಡಂ ಫೋನ್ ಮಾಡಿದಾಗ ಮೊದಲು ನೆನಪಾದದ್ದು ಯಾರು ಬೇಕಾದರೂ ಬಳಸಿ ಹಂಚಬಹುದಾದ ಸಾಫ್ಟ್‌ವೇರ್, ಹಾರ್ಡ್‌ವೇರ್ ಬಗ್ಗೆ ಆ ಲ್ಯಾಬಿನಲ್ಲಿ ನಡೆದ ಎರಡು ದಿನದ ವರ್ಕ್‌ಶಾಪ್, ಮತ್ತೆ ಆ ಬೆರಳು.

ನಮಗೆ ಆಗ ನಾಲ್ಕನೇ ಸೆಮ್. ಲೆಕ್ಕಕ್ಕೆ, ಸಿಮ್ಯುಲೇಶನ್‌ಗೆ ಬೇಕಾದ ಸಾಫ್ಟ್‌ವೇರ್ ಕೆಲವೇ ಕಂಪ್ಯೂಟರುಗಳಲ್ಲಿ ಇರುತ್ತಿತ್ತು. ಲೈಸೆನ್ಸ್ ಅಷ್ಟಕ್ಕೇ. ಸಂಜೆ ಐದಕ್ಕೆ ಲ್ಯಾಬಿಗೆ ಬೀಗ ಬಿದ್ದರೆ ನಮ್ಮ ಕಲಿಕೆಗೂ ಬೀಗ. ಹಾಸ್ಟೆಲಿನಲ್ಲಿ ಕಳ್ಳ ಕಾಪಿಯ ಸಿಡಿ ಓಡಾಡುತ್ತಿತ್ತು. ಅದರ ಜೊತೆ ವೈರಸ್ಸೂ ಬರುತ್ತಿತ್ತು, ಮನಸ್ಸಿಗೊಂದು ಅಳುಕೂ ಇರುತ್ತಿತ್ತು.

ವರ್ಕ್‌ಶಾಪಿನ ಮೊದಲ ದಿನ ಬೆಳಗ್ಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯ ಪಾಠಗಳು. ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುತ್ತಿದ್ದದ್ದು. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು. ಎದುರಿಗೆ ನಿಂತು ಯಾರೂ ಭಾಷಣ ಮಾಡುವುದಿಲ್ಲ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ನಾವು ಕೆಲಸ ಮಾಡುವ ಕಿಟಕಿ. ಅವರು ಒಂದು ಹೆಜ್ಜೆ ತೋರಿಸುತ್ತಾರೆ, ನಾವು ವಿಡಿಯೊ ನಿಲ್ಲಿಸಿ ಅದನ್ನೇ ಮಾಡುತ್ತೇವೆ. ಬರದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡುತ್ತೇವೆ. ಹತ್ತು ಸಲ ನೋಡಿದರೂ ವಿಡಿಯೊಗೆ ಬೇಜಾರಿಲ್ಲ.

ಹೆಡ್‌ಫೋನ್ ಹಾಕಿಕೊಂಡೆ. ಭಾಷೆ ಆರಿಸುವ ಪಟ್ಟಿಯಲ್ಲಿ ಕನ್ನಡ ಇತ್ತು. ಒತ್ತಿದೆ. ಪರದೆ ಮೇಲಿನ ಅಕ್ಷರ ಇಂಗ್ಲಿಷಿನಲ್ಲೇ ಇತ್ತು, ದನಿ ಮಾತ್ರ ಕನ್ನಡ. ಟರ್ಮಿನಲ್ ತೆರೆಯಿರಿ, ಇದನ್ನು ಟೈಪ್ ಮಾಡಿ, ಎಂಟರ್ ಒತ್ತಿ. ಅಷ್ಟೇ ಸರಳ. ಎರಡು ವರ್ಷದಿಂದ ನಾನು ಪ್ರತಿ ಪಾಠವನ್ನೂ ತಲೆಯೊಳಗೆ ಒಮ್ಮೆ ಕನ್ನಡಕ್ಕೆ ತಿರುಗಿಸಿಕೊಂಡು ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದೆ. ಆ ಬೆಳಗ್ಗೆ ಆ ಕೆಲಸ ಬೇಕಾಗಲೇ ಇಲ್ಲ. ಪಕ್ಕದಲ್ಲಿದ್ದ ಶಿರಸಿಯ ಗೆಳತಿ ನನ್ನ ಕಡೆ ತಿರುಗಿ "ನಂಗೂ ಕನ್ನಡದ್ದೇ ಹಾಕಿಕೊಡು" ಎಂದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಸಾಲಿನಲ್ಲಿ ಎಲ್ಲರ ಕಿವಿಯಲ್ಲೂ ಕನ್ನಡ.

ಊಟ ಆದಮೇಲೆ ಸೈಲ್ಯಾಬ್. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಹುಟ್ಟಿದ, ಲೆಕ್ಕಕ್ಕೆಂದೇ ಇರುವ ಸಾಫ್ಟ್‌ವೇರ್. ಉಚಿತ. ಮೇಡಂ ನಮಗೆ ಕೊಟ್ಟದ್ದು, ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿ ಕೆಲವು ಫ್ರೀಕ್ವೆನ್ಸಿಗಳನ್ನು ಮಾತ್ರ ದಾಟಿಸುವ, ಎಲ್ಲರಿಗೂ ಗೊತ್ತಿದ್ದ ಆರ್‌ಸಿ ಫಿಲ್ಟರ್. 1 ಕಿಲೋ ಓಮ್, 0.1 ಮೈಕ್ರೋಫ್ಯಾರಡ್. ತಡೆ ಶುರುವಾಗುವ ಫ್ರೀಕ್ವೆನ್ಸಿ, ಅಂದರೆ ಕಟ್‌ಆಫ್ ಎಷ್ಟು? ಸೂತ್ರ ಬಾಯಿಪಾಠ ಇತ್ತು, 1591 ಹರ್ಟ್ಜ್ ಎಂದೆವು. "ಸರಿ, ಈಗ ಅದನ್ನ ನೋಡಿ" ಎಂದರು. ನಾಲ್ಕೈದು ಸಾಲು ಬರೆದೆವು, ಯಾವ ಫ್ರೀಕ್ವೆನ್ಸಿ ಎಷ್ಟು ದಾಟುತ್ತದೆ ಎಂದು ತೋರಿಸುವ ಬೋಡ್ ಪ್ಲಾಟ್ ಬಂತು. ರೆಸಿಸ್ಟರನ್ನು ಎರಡು ಪಟ್ಟು ಮಾಡಿದರೆ ಗೆರೆ ಎಡಕ್ಕೆ ಸರಿಯಿತು. ಅರ್ಧ ಮಾಡಿದರೆ ಬಲಕ್ಕೆ ಹೋಯಿತು. ಪರೀಕ್ಷೆಗೆ ಸೆಮಿ ಲಾಗ್ ಶೀಟಿನ ಮೇಲೆ ಎಷ್ಟೋ ಸಲ ಎಳೆದ ಗೆರೆ ಅದು. ಓಡಾಡುವುದನ್ನು ಅವತ್ತೇ ನೋಡಿದ್ದು.

ಮೇಡಂ ಅಲ್ಲಿಗೇ ಬಿಡಲಿಲ್ಲ. ಅದೇ ಫಿಲ್ಟರನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ, ಫಂಕ್ಷನ್ ಜನರೇಟರಿನಿಂದ ಸಿಗ್ನಲ್ ಕೊಟ್ಟು ಅಳೆಯಿರಿ ಎಂದರು. ನಮ್ಮದು 1500ರ ಹತ್ತಿರ ಬಂತು, ಪಕ್ಕದ ಬೆಂಚಿನವರದು 1650. ಯಾರದು ಸರಿ ಎಂದು ಜಗಳ ಶುರುವಾಯಿತು. ಮೇಡಂ ರೆಸಿಸ್ಟರಿನ ಚಿನ್ನದ ಬಣ್ಣದ ಪಟ್ಟಿ ತೋರಿಸಿದರು. ಐದು ಪರ್ಸೆಂಟ್ ಹೆಚ್ಚುಕಮ್ಮಿ ಎಂದು ಅದರ ಅರ್ಥ. ಕೆಪಾಸಿಟರಿನದು ಇನ್ನೂ ಜಾಸ್ತಿ. "ಇಬ್ರದ್ದೂ ಸರಿ" ಎಂದರು. ನನಗೆ ಎಂಜಿನಿಯರಿಂಗ್ ಎಂದರೇನು ಎಂದು ಅರ್ಥವಾದದ್ದು ಆ ಎರಡು ಪದದಲ್ಲಿ ಎಂದು ಈಗಲೂ ನಂಬುತ್ತೇನೆ.

ಹೊರಡುವಾಗ ಪ್ರತಿಯೊಬ್ಬರ ಪೆನ್‌ಡ್ರೈವಿಗೂ ಅಷ್ಟೂ ಸಾಫ್ಟ್‌ವೇರ್ ತುಂಬಿಸಿಕೊಟ್ಟರು. "ಮನೆಗೆ ತಗೊಂಡು ಹೋಗಿ, ಫ್ರೆಂಡ್ಸ್‌ಗೂ ಕೊಡಿ. ಇದು ಕದ್ದದ್ದಲ್ಲ, ಕೊಡೋಕೆ ಅಂತಲೇ ಇರೋದು." ಹಾಸ್ಟೆಲಿನಲ್ಲಿ ಅವತ್ತು ರಾತ್ರಿ ಎರಡು ಗಂಟೆವರೆಗೆ ಲೈಟು ಆರಲಿಲ್ಲ.

ಎರಡನೇ ದಿನ ಆರ್ಡುಯಿನೊ, ನಾವು ಬರೆದ ಪ್ರೋಗ್ರಾಮಿನಂತೆ ಸೆನ್ಸರ್ ಓದಿ ದೀಪ ಉರಿಸುವ ಪುಟ್ಟ ಬೋರ್ಡು. ಬೆರಳು ಸುಟ್ಟದ್ದು ಅವತ್ತೇ. ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಬೋರ್ಡು ಐದು ವೋಲ್ಟನ್ನು 1024 ಮೆಟ್ಟಿಲು ಮಾಡಿ ಓದುತ್ತದೆ. ಒಂದು ಮೆಟ್ಟಿಲಿಗೆ ಸುಮಾರು 4.88 ಮಿಲಿವೋಲ್ಟ್. ಪರದೆ ಮೇಲೆ 57 ಎಂದು ಬಂತು. ಗುಣಿಸಿದರೆ 278 ಮಿಲಿವೋಲ್ಟ್, ಅಂದರೆ 27.8 ಡಿಗ್ರಿ. ಗೋಡೆಯ ಥರ್ಮಾಮೀಟರ್ ನೋಡಿದೆವು, 28. ಸರಿಯಾಗಿ ಜೋಡಿಸಿದ ಸೆನ್ಸರನ್ನು ಎರಡು ಬೆರಳಿನ ನಡುವೆ ಹಿಡಿದೆ. 58, 60, 63. ನನ್ನ ಮೈಯ ಬಿಸಿ ನಾನು ಬರೆದ ಪ್ರೋಗ್ರಾಮಿನಲ್ಲಿ ಹತ್ತುತ್ತಾ ಹೋಯಿತು.

ಆ ಬೋರ್ಡಿನ ಕಥೆಯನ್ನು ಅಕ್ಕನೇ ಹೇಳಿದರು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ಡಿಸೈನ್ ಶಾಲೆಯೊಂದರಲ್ಲಿ ಮಾಸ್ಸಿಮೊ ಬಾಂಝಿ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆಂದೇ ಅದನ್ನು ಮಾಡಿದ್ದು. ಅವರು ಸೇರುತ್ತಿದ್ದ ಬಾರಿನ ಹೆಸರೇ ಬೋರ್ಡಿಗೂ ಬಂತು. ಬಾರಿಗೆ ಆ ಹೆಸರು ಬಂದದ್ದು ಸಾವಿರ ವರ್ಷ ಹಿಂದಿನ ಒಬ್ಬ ರಾಜನಿಂದ. ಶಾಲೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಶಾಲೆಯ ಜೊತೆ ಬೋರ್ಡೂ ಸಾಯಬಾರದು ಎಂದು ಅವರು ಸರ್ಕ್ಯೂಟನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಶಾಲೆ ಹೋಯಿತು, ಬೋರ್ಡು ನಮ್ಮ ಕೈಯಲ್ಲಿ ಇತ್ತು.

ಅಕ್ಕ ಆ ಸರ್ಕ್ಯೂಟಿನ ಪ್ರಿಂಟ್ ಹಂಚಿದರು. ನೋಡಿದರೆ ಅದರಲ್ಲಿ ನಮಗೆ ಗೊತ್ತಿಲ್ಲದ್ದು ಅಷ್ಟೇನೂ ಇರಲಿಲ್ಲ! ಎಟಿಮೆಗಾ328 ಚಿಪ್, 16 ಮೆಗಾಹರ್ಟ್ಜ್ ಕ್ರಿಸ್ಟಲ್, 22 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರ್, ರೀಸೆಟ್‌ಗೆ ಒಂದು 10ಕೆ (10 ಕಿಲೋ ಓಮ್) ರೆಸಿಸ್ಟರ್, ಐದು ವೋಲ್ಟಿಗೆ ಒಂದು 7805 ರೆಗ್ಯುಲೇಟರ್. ಇಷ್ಟನ್ನು ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿದೆವು. ಎಲ್‌ಇಡಿ ಮಿನುಗಿತು. ಲ್ಯಾಬಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಕೊಂಡು ತಂದ ಬೋರ್ಡು ಬೇಕಿಲ್ಲ, ನಾವೇ ಮಾಡಿಕೊಳ್ಳಬಹುದು ಎಂದು ಗೊತ್ತಾದ ಆ ಗಳಿಗೆ ನನ್ನ ಓದಿನ ದಾರಿಯನ್ನೇ ತಿರುಗಿಸಿತು.

ಆಮೇಲಿನ ಒಂದು ವರ್ಷ ನಾವು ಹತ್ತು ಹನ್ನೆರಡು ಜನ ಪ್ರತಿ ಶನಿವಾರ ಸೇರುತ್ತಿದ್ದೆವು. ಸರ್ಕ್ಯೂಟ್ ಬೋರ್ಡು (ಪಿಸಿಬಿ) ಎಳೆಯುವ ಉಚಿತ ಸಾಫ್ಟ್‌ವೇರ್ ಕಿಕ್ಯಾಡ್ ಕಲಿತೆವು. ಅದರಲ್ಲಿ ಎಳೆದ ಪಿಸಿಬಿ ಚಿತ್ರವನ್ನು ಹೊಳಪು ಹಾಳೆ ಮೇಲೆ ಲೇಸರ್ ಪ್ರಿಂಟ್ ತೆಗೆದು, ಹಾಸ್ಟೆಲಿನ ಇಸ್ತ್ರಿ ಪೆಟ್ಟಿಗೆಯಿಂದ ತಾಮ್ರದ ಹಲಗೆಗೆ ಒತ್ತುತ್ತಿದ್ದೆವು. ಫೆರಿಕ್ ಕ್ಲೋರೈಡಿನ ಟಬ್ಬನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಕೂತರೆ ಬೇಡದ ತಾಮ್ರ ಕರಗಿ ಗೆರೆ ಮಾತ್ರ ಉಳಿಯುತ್ತದೆ. ಅದರ ಕಂದು ಕಲೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಶಿರಸಿಯ ಗೆಳತಿ ಬೇರೆ ದಾರಿ ಹಿಡಿದಳು. ಮುಂಬೈ ಐಐಟಿಯದೇ ಇನ್ನೊಂದು ಯೋಜನೆ, ಫೋಸ್ಸಿ, ಪಠ್ಯಪುಸ್ತಕದ ಬಿಡಿಸಿದ ಲೆಕ್ಕಗಳಿಗೆ ಸೈಲ್ಯಾಬ್ ಕೋಡ್ ಬರೆಯುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು, ಗೌರವಧನವೂ ಇತ್ತು. ಅವಳು ಒಂದು ಪುಸ್ತಕ ಪೂರ್ತಿ ಮಾಡಿದಳು. ಒಂದು ಲೆಕ್ಕದ ಉತ್ತರ ಮಾತ್ರ ಪುಸ್ತಕಕ್ಕೆ ಹೊಂದುತ್ತಲೇ ಇರಲಿಲ್ಲ. ಮೂರು ದಿನ ತನ್ನದೇ ತಪ್ಪು ಎಂದುಕೊಂಡು ಕೊರಗಿದಳು. ಕೊನೆಗೆ ಮೇಡಂ ಕೈಯಲ್ಲಿ ಬಿಡಿಸಿ ನೋಡಿದರೆ ತಪ್ಪಿದ್ದದ್ದು ಪುಸ್ತಕದಲ್ಲಿ.

ನಾನು ಮನೆಯ ಸಮಸ್ಯೆಯೊಂದನ್ನು ಎತ್ತಿಕೊಂಡೆ. ಅರಸೀಕೆರೆ ಕಡೆ ನಮ್ಮದು ತೆಂಗಿನ ತೋಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಬಂತಾ ಅಂತ ನೋಡಲು ಅಪ್ಪ ಟಾರ್ಚ್ ಹಿಡಿದು ಕತ್ತಲಲ್ಲಿ ತೋಟಕ್ಕೆ ಹೋಗುತ್ತಿದ್ದರು. ಹಾವಿನ ಕಾಟ ಬೇರೆ. ಕರೆಂಟು ಬಂದ ಕೂಡಲೇ ಅಪ್ಪನಿಗೆ ಮಿಸ್ಡ್ ಕಾಲ್ ಹೋಗಬೇಕು, ಅಷ್ಟೇ ನನ್ನ ಆಸೆ.

ಲೈನಿಗೆ ತಂತಿ ಜೋಡಿಸುವ ನನ್ನ ಪ್ಲಾನ್ ನೋಡಿ ಲ್ಯಾಬಿನ ಸರ್ ತಡೆದರು. "440 ವೋಲ್ಟಿಗೆ ಕೈ ಹಾಕ್ಬೇಡ. ಸ್ಟಾರ್ಟರ್ ಪ್ಯಾನಲ್ ಮೇಲೆ ಮೂರು ಲ್ಯಾಂಪ್ ಉರಿಯುತ್ತೆ ಅಲ್ವಾ? ಆ ಬೆಳಕನ್ನೇ ಓದು." ಎಂಥ ಮಾತು! ಮೂರು ಲ್ಯಾಂಪಿನ ಮೇಲೆ, ಬೆಳಕು ಕಮ್ಮಿಯಾದಷ್ಟೂ ರೆಸಿಸ್ಟೆನ್ಸ್ ಹೆಚ್ಚಾಗುವ ಮೂರು ಎಲ್‌ಡಿಆರ್ ಇಟ್ಟು ಕಪ್ಪು ಟೇಪ್ ಸುತ್ತಿದೆ. ಪ್ರತಿಯೊಂದಕ್ಕೂ ಒಂದು 10ಕೆ ರೆಸಿಸ್ಟರ್. ಮೂರೂ ಬೆಳಗಿದರೆ, ಮೊಬೈಲಿನ ಹಾಗೆ ಕರೆ ಮಾಡಬಲ್ಲ ಜಿಎಸ್‌ಎಂ ಮಾಡ್ಯೂಲ್ ಕರೆ ಮಾಡುತ್ತದೆ. ಹಳೆಯ ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಪವರ್.

ಲ್ಯಾಬಿನ ಮೇಜಿನ ಮೇಲೆ ಕರೆ ಹೋಗುವ ಹೊತ್ತಿಗೆ ಸರಿಯಾಗಿ ಎಲ್ಲಾ ಆರಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಒಂದು ವಾರ ಕೋಡನ್ನು ತಿದ್ದಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ. ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಹಿಡಿದು ನೋಡಿದಾಗ ಕಂಡಿತು, ಕರೆ ಶುರುವಾಗುವಾಗ ಸಪ್ಲೈ ವೋಲ್ಟೇಜ್ ಕುಸಿಯುತ್ತಿತ್ತು. ಆ ಮಾಡ್ಯೂಲ್ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೂ ಎಳೆಯುತ್ತದೆ. 7805 ಕೊಡುವುದು ಒಂದರ ಆಸುಪಾಸು. ಮಾಡ್ಯೂಲಿಗೆ ಬೇರೆ ರೆಗ್ಯುಲೇಟರ್, ಜೊತೆಗೆ ದಪ್ಪನೆಯ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸರಿಹೋಯಿತು.

2014ರ ಬೇಸಿಗೆ ರಜೆಯಲ್ಲಿ ಅದನ್ನು ಪಂಪ್ ಶೆಡ್ಡಿನ ಗೋಡೆಗೆ ಹಾಕಿದೆ. ಅಕ್ಕ ಹೇಳಿಕೊಟ್ಟ ಹಾಗೆ ಸರ್ಕ್ಯೂಟನ್ನು ಪ್ರಿಂಟ್ ತೆಗೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದೆ. ಕೋಡ್ ಇದ್ದ ಪೆನ್‌ಡ್ರೈವ್ ಅಪ್ಪನ ಬೀರುವಿನಲ್ಲಿ. ಅವತ್ತು ರಾತ್ರಿ ಹನ್ನೊಂದೂವರೆಗೆ ಅಪ್ಪನ ಫೋನ್ ಬಡಿದುಕೊಂಡಿತು. ಅವರು ಎದ್ದು ಟಾರ್ಚ್ ತಗೊಂಡು, ಬಾಗಿಲ ಹತ್ತಿರ ನಿಂತು, "ಬಂದೈತೆ ಕಣೋ" ಎಂದರು.

ಐದು ವರ್ಷ ಅದು ಕೆಲಸ ಮಾಡಿತು. ನಾನು ಬೆಂಗಳೂರು ಸೇರಿದ್ದೆ. ಒಂದು ಮುಂಗಾರಿನಲ್ಲಿ ಸಿಡಿಲು ಬಡಿದು ಕರೆ ನಿಂತುಹೋಯಿತು ಎಂದು ಅಪ್ಪ ಹೇಳಿದರು. ಬಂದಾಗ ನೋಡ್ತೀನಿ ಎಂದೆ. ಬರಲು ದೀಪಾವಳಿಯೇ ಆಯಿತು. ತೋಟಕ್ಕೆ ಹೋದರೆ ಡಬ್ಬಿಯ ಹಸಿರು ದೀಪ ಮಿನುಗುತ್ತಿತ್ತು. "ನೀನ್ ಬರೋತನಕ ಎಲ್ಲಿ ಕಾಯ್ಲಿ? ಪಕ್ಕದ ತೋಟದ ಹುಡುಗ ರಿಪೇರಿ ಮಾಡ್ದ" ಎಂದರು ಅಪ್ಪ. ಆ ಹುಡುಗ ಅರಸೀಕೆರೆಯಲ್ಲಿ ಐಟಿಐ ಓದುತ್ತಿದ್ದ. ಮುಚ್ಚಳ ತೆಗೆದು ನೋಡಿದೆ. ಚಿಪ್ ಹೊಸದು. ಸುಟ್ಟಿದ್ದ ಲ್ಯಾಂಪುಗಳ ಜಾಗದಲ್ಲಿ ಹೊಸ ಎಲ್‌ಇಡಿ ಲ್ಯಾಂಪ್. ನನ್ನ ಹಳದಿಯಾದ ಪ್ರಿಂಟಿನ ಮೇಲೆ ಮೂರು 10ಕೆಗೂ ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ: "22ಕೆ ಮಾಡಿದೀನಿ. ಹೊಸ ಲ್ಯಾಂಪ್ ಬೆಳಕು ಕಮ್ಮಿ."

ಲೆಕ್ಕ ಸರಿಯಾಗಿಯೇ ಇತ್ತು. ಅವತ್ತು ಸಂಜೆ ಲ್ಯಾಪ್‌ಟಾಪ್ ತೆಗೆದು, ಕಿಕ್ಯಾಡ್‌ನಲ್ಲಿ ಆ ಮೂರು ರೆಸಿಸ್ಟರುಗಳನ್ನು ತಿದ್ದಿದೆ. ಮರುದಿನ ಅರಸೀಕೆರೆಯಲ್ಲಿ ಪ್ರಿಂಟ್ ತೆಗೆಸಿ, ಮುಚ್ಚಳದ ಒಳಗೆ ಹಳೆಯದರ ಮೇಲೆ ಅಂಟಿಸಿದೆ. ಮೂಲೆಯಲ್ಲಿ ನನ್ನ ಹೆಸರಿನ ಕೆಳಗೆ ಅವನ ಹೆಸರೂ ಇದೆ.